ಮಿದುಳಿನ ಕಾವಲುಗಾರರನ್ನು ಕಂಡ ಓರ್ತೇಗ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ವಿಜ್ಞಾನಿಯೊಬ್ಬರ ಜೀವನವನ್ನು ಬರೆಯಹೊರಟುದನ್ನು ಕಂಡು ಸಹಪಾಠಿಗಳು ಹುಬ್ಬೇರಿಸಬಹುದು. ಕಾರಣವಿಲ್ಲದೆ ನಾನು ಈ ಸಾಹಸಕ್ಕೆ ಕೈಹಾಕಿಲ್ಲ. ನನ್ನ ಅಕ್ಕನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ಅವಳ ಚೊಚ್ಚಲ ಮಗು ನಾಲ್ಕು ತಿಂಗಳು ನಗುನಗುತ್ತ ಬೆಳೆಯಿತು. ಐದನೆಯ ತಿಂಗಳಲ್ಲಿ ಎಡೆಬಿಡದೆ ಅಳತೊಡಗಿತು. ಕೈಕಾಲುಗಳು ಸೆಟೆದುಕೊಂಡವು, ದೃಷ್ಟಿ ಮಂಕಾಯಿತು. ಒಂದೂವರೆ ವರ್ಷ ತುಂಬುವ ಮೊದಲೇ ಅದು ತೀರಿಕೊಂಡಿತು. ವೈದ್ಯರು ರೋಗದ ಹೆಸರು ಕ್ರಾಬೆ ಎಂದರು. ಊರವರು ಅಕ್ಕನ ಪಾಪಕರ್ಮ ಎಂದರು. ನಿಜವೇನೆಂದು ತಿಳಿಯಹೊರಟಾಗ ನನಗೆ ಪರಿಚಯವಾದ ಮಹನೀಯರೇ ಪೀಯೊ ದೆಲ್ ರಿಯೊ ಓರ್ತೇಗ.

ಓರ್ತೇಗ ಅವರು 1882ರ ಮೇ 5ರಂದು ಸ್ಪೇನ್ ದೇಶದ ವಯಾದೊಲಿದ್ ಪ್ರಾಂತದ ಪೊರ್ತಿಯೊ ಎಂಬ ಸಣ್ಣ ಊರಿನಲ್ಲಿ ಜನಿಸಿದರು. 1905ರಲ್ಲಿ ವೈದ್ಯ ಪದವಿ ಪಡೆದು ಕೆಲಕಾಲ ಹುಟ್ಟೂರಿನಲ್ಲಿಯೇ ವೈದ್ಯವೃತ್ತಿ ನಡೆಸಿದರು. ಆದರೆ ಅವರ ಮನಸ್ಸೆಲ್ಲ ಸೂಕ್ಷ್ಮದರ್ಶಕದಲ್ಲಿ ನೆಟ್ಟಿತ್ತು. ಮ್ಯಾಡ್ರಿಡ್ ನಗರಕ್ಕೆ ಬಂದು ನಿಕೊಲಾಸ್ ಅಚೂಕಾರೊ ಎಂಬ ವಿದ್ವಾಂಸರ ಬಳಿ ಕೆಲಸಕ್ಕೆ ಸೇರಿದರು. ಆ ಗುರುಗಳು 1918ರಲ್ಲಿ 37ರ ಹರೆಯದಲ್ಲಿಯೇ ಅಸ್ತಂಗತರಾದರು. ಅವರು ಬಿಟ್ಟುಹೋದ ಕೆಲಸವನ್ನು ಶಿಷ್ಯರು ಕೈಗೆತ್ತಿಕೊಂಡರು.

ಆಗ ಮ್ಯಾಡ್ರಿಡ್‌ನಲ್ಲಿ ನರವಿಜ್ಞಾನದ ಮೇರುವೆನಿಸಿದ್ದವರು 1906ರ ನೊಬೆಲ್ ಬಹುಮಾನ ಪಡೆದ ರಮೋನ್ ಈ ಕಹಾಲ್. ಮಿದುಳಿನ ನರಕೋಶಗಳ ನಡುವೆ ಅಡಗಿದ್ದ ಕೆಲವು ಸಣ್ಣ ಕೋಶಗಳನ್ನು ಅವರು ಮೂರನೆಯ ಘಟಕವೆಂದು ಕರೆದು, ಅವುಗಳಿಗೆ ಕವಲುಗಳಿಲ್ಲವೆಂದು ಎಣಿಸಿದ್ದರು. ಬಣ್ಣ ಹಿಡಿಯದ ಕವಲು ಕಣ್ಣಿಗೆ ಬೀಳುವುದಾದರೂ ಹೇಗೆ? ಓರ್ತೇಗ ಅವರು ಬೆಳ್ಳಿಯ ಕಾರ್ಬೊನೇಟ್ ದ್ರಾವಣದಿಂದ ಹೊಸದೊಂದು ವಿಧಾನವನ್ನು ರೂಪಿಸಿದರು. 1919ರಲ್ಲಿ ಆ ಕೋಶಗಳು ಮುಳ್ಳುಪೊದೆಯಂತೆ ಕವಲೊಡೆದು ಕಾಣಿಸಿಕೊಂಡವು. ಒಂದೇ ಎಂದುಕೊಂಡಿದ್ದುದು ಎರಡು ಜಾತಿಯದಾಗಿತ್ತು. ಒಂದಕ್ಕೆ ಮೈಕ್ರೋಗ್ಲಿಯಾ ಎಂದೂ ಇನ್ನೊಂದಕ್ಕೆ ಆಲಿಗೊಡೆಂಡ್ರೋಗ್ಲಿಯಾ ಎಂದೂ ಅವರು ನಾಮಕರಣ ಮಾಡಿದರು. ಮೈಕ್ರೋಗ್ಲಿಯಾ ಮಿದುಳಿಗೆ ಹೊರಗಿನಿಂದ ಬಂದು ನೆಲೆಸಿದ ಕಾವಲುಗಾರ. ಗಾಯವಾದೊಡನೆ ಕವಲುಗಳನ್ನು ಒಳಗೆಳೆದುಕೊಂಡು ದುಂಡಗಾಗಿ, ಅಲ್ಲಿಗೆ ಸರಿದುಹೋಗಿ, ಸತ್ತ ಕೋಶಗಳ ಕಸವನ್ನು ನುಂಗುತ್ತದೆ.

ಹಿರಿಯರ ಮಾತನ್ನು ತಿದ್ದಿದ್ದಕ್ಕೆ ಬೆಲೆ ತೆರಬೇಕಾಯಿತು. ಮನಸ್ತಾಪ ಬೆಳೆದು 1920ರಲ್ಲಿ ಕಹಾಲ್ ಅವರ ಪ್ರಯೋಗಾಲಯದಿಂದ ಓರ್ತೇಗ ಹೊರಬಿದ್ದರು. ಆದರೂ ಎದೆಗುಂದದೆ ವಿದ್ಯಾರ್ಥಿ ನಿಲಯವೊಂದರಲ್ಲಿದ್ದ ಪ್ರಯೋಗಾಲಯದಲ್ಲಿ ಕೆಲಸವನ್ನು ಮುಂದುವರಿಸಿದರು. ಮುಂದೆ ಕೆನಡಾದಲ್ಲಿ ಮಿದುಳಿನ ಶಸ್ತ್ರವೈದ್ಯರಾಗಿ ಹೆಸರಾದ ವೈಲ್ಡರ್ ಪೆನ್‌ಫೀಲ್ಡ್ 1924ರಲ್ಲಿ ಅಲ್ಲಿಗೇ ಬಂದು ಕಲಿತರು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. ಓರ್ತೇಗ ಅವರು ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ಅಲೆದು ಕೊನೆಗೆ ಅರ್ಜೆಂಟೀನಾ ಸೇರಿದರು. 1945ರ ಜೂನ್ 1ರಂದು ಬ್ಯೂನಸ್ ಐರಿಸ್ ನಗರದಲ್ಲಿ ದೇಶಭ್ರಷ್ಟರಾಗಿಯೇ ಕಣ್ಣುಮುಚ್ಚಿದರು. ಅವರ ಅಸ್ಥಿಗಳು ವಯಾದೊಲಿದ್‌ಗೆ ಮರಳಿದ್ದು 1986ರಲ್ಲಿ.

ಇನ್ನು ನಮ್ಮ ಮನೆಯ ಮಗುವಿನ ವಿಷಯಕ್ಕೆ ಬರುತ್ತೇನೆ. ಡೆನ್ಮಾರ್ಕಿನ ವೈದ್ಯ ಕ್ನೂಡ್ ಕ್ರಾಬೆ ಈ ರೋಗವನ್ನು 1916ರಲ್ಲಿ ವರ್ಣಿಸಿದರು. ಓರ್ತೇಗ ಬೇರ್ಪಡಿಸಿ ತೋರಿಸಿದ ಎರಡು ಕೋಶಗಳೂ ಇದರಲ್ಲಿ ಸಿಕ್ಕಿಕೊಂಡಿವೆ. ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯನ್ನು ಹೊದಿಸುವುದು ಆಲಿಗೊಡೆಂಡ್ರೋಗ್ಲಿಯಾ. ಆ ಕೊಬ್ಬನ್ನು ಕರಗಿಸಬೇಕಾದ ಕಿಣ್ವವೊಂದು ಈ ಮಕ್ಕಳಲ್ಲಿ ಇರುವುದಿಲ್ಲವೆಂದು 1970ರಲ್ಲಿ ತಿಳಿದುಬಂತು. ವಿಷವಸ್ತು ಕೂಡಿಕೊಂಡು ಹೊದಿಕೆ ನೇಯುವ ಕೋಶಗಳು ಸಾಯುತ್ತವೆ. ಕಾವಲುಗಾರ ಬಂದು ಆ ಕಸವನ್ನು ನುಂಗುತ್ತಾನೆ. ಆದರೆ ಅದೇ ಕಿಣ್ವ ಅವನಲ್ಲಿಯೂ ಇಲ್ಲದ್ದರಿಂದ ಜೀರ್ಣಿಸಿಕೊಳ್ಳಲಾರನು. ಹೊಟ್ಟೆಯುಬ್ಬಿ ಗೋಳದಂತಾಗುತ್ತಾನೆ. ಅವನು ಕೆರಳಿದಷ್ಟೂ ಸುತ್ತಲಿನ ಹಾನಿ ಹೆಚ್ಚುತ್ತದೆ.

ರೋಗದ ಚಿಹ್ನೆ ತೋರುವ ಮೊದಲೇ ಹೊಕ್ಕುಳಬಳ್ಳಿಯ ರಕ್ತವನ್ನು ದಾನವಾಗಿ ಪಡೆದ ಶಿಶುಗಳು ಬದುಕಿ ಉಳಿದುದನ್ನು 2005ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ದಾನಿಯ ರಕ್ತದಿಂದ ಹುಟ್ಟಿದ ಕೋಶಗಳು ಮಿದುಳನ್ನು ಹೊಕ್ಕು, ಕಿಣ್ವವುಳ್ಳ ಹೊಸ ಕಾವಲುಗಾರರಾಗಿ ನಿಲ್ಲುತ್ತವೆ. ಇದು ಪೂರ್ಣ ಪರಿಹಾರವಲ್ಲ. ಅವರಲ್ಲಿ ಹಲವರಿಗೆ ಮುಂದೆ ನಡಿಗೆ ಮತ್ತು ಮಾತಿನ ತೊಂದರೆಗಳು ಕಾಣಿಸಿಕೊಂಡವು. ಚಿಹ್ನೆ ತೋರಿದ ಮೇಲಂತೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನಮ್ಮ ಮಗುವಿಗೆ ರೋಗವೆಂದು ತಿಳಿಯುವಷ್ಟರಲ್ಲಿ ಆ ಕಾಲ ಮೀರಿತ್ತು.

ದೋಷವುಳ್ಳ ಜೀನ್ ತಂದೆಯಿಂದಲೂ ತಾಯಿಯಿಂದಲೂ ಒಂದೊಂದಾಗಿ ಬಂದರೆ ಮಾತ್ರ ಈ ರೋಗ ಬರುತ್ತದೆ. ರಕ್ತಸಂಬಂಧದ ಮದುವೆಯಲ್ಲಿ ಆ ಸಂಭವ ಹೆಚ್ಚು. ದಂಪತಿಗಳಿಬ್ಬರಲ್ಲಿಯೂ ಆ ಜೀನ್ ಇದ್ದರೆ ಅವರ ಪ್ರತಿಯೊಂದು ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯವಿರುತ್ತದೆ. ಗರ್ಭದಲ್ಲಿಯೇ ಪರೀಕ್ಷಿಸಿ ತಿಳಿಯುವ ಮಾರ್ಗವೂ ಈಗ ಇದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೂ ಮಾವನಿಗೂ ಅಜ್ಜಿಯ ಎದುರಿನಲ್ಲಿಯೇ ಬಿಡಿಸಿ ಹೇಳಿದೆನು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, ಹಾಗಾದರೆ ತಪ್ಪು ತನ್ನೊಬ್ಬಳದಲ್ಲವೇ ಎಂದು ಕೇಳಿದಳು. ತಪ್ಪು ಯಾರದೂ ಅಲ್ಲವೆಂದೆನು. ಅಜ್ಜಿ ಮರುಮಾತಾಡಲಿಲ್ಲ. ಆ ದಿನದಿಂದ ನಮ್ಮ ಮನೆಯಲ್ಲಿ ಪಾಪಕರ್ಮದ ಮಾತು ನಿಂತಿದೆ. ನಮ್ಮ ಊರಿನ ಹೆಸರನ್ನೂ ಕೇಳದೆ ಪರದೇಶದಲ್ಲಿ ಮಡಿದ ಆ ಮಹನೀಯರಿಗೆ ನಮ್ಮ ಮನೆ ಋಣಿಯಾಗಿದೆ. ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಇಷ್ಟನ್ನು ಬರೆದೆನು.