ಬಾಗಿಲು ತೆರೆಸಿದ ಕಮಲಾ ಸೊಹೊನಿ

ಜೀವರಸಾಯನಶಾಸ್ತ್ರ ಓದಿದರೆ ಮುಂದೇನು? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆಯಿದು. ಕಮಲಾ ಸೊಹೊನಿಯವರ ಬದುಕೇ ಇದಕ್ಕೆ ಉತ್ತರ.

ಕಮಲಾ ಮರಾಠಿಯ ಭಾಗವತ್ ಮನೆತನದ ಮಗಳು. ತಂದೆ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ರಸಾಯನಶಾಸ್ತ್ರ ಓದಿದವರು. ಮಗಳೂ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ 1933ರಲ್ಲಿ ಅಲ್ಲಿಗೇ ಅರ್ಜಿ ಹಾಕಿದರು. ನಿರ್ದೇಶಕ ಸರ್ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಒಂದು ವರ್ಷ ಕೆಲಸ ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನು ಅಭ್ಯಾಸ ಮಾಡಿದರು. ವರ್ಷ ಕಳೆದಾಗ ರಾಮನ್ ಮೆಚ್ಚಿದರು. ಬೇರೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು.

ಮುಂದೆ ಕೇಂಬ್ರಿಜ್. ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್-ಸಿ ಸಸ್ಯಗಳಲ್ಲೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು.

ಅದೇ ವರ್ಷ ತಾಯ್ನಾಡಿಗೆ ಮರಳಿ ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿದರು. ಬಳಿಕ ಕೂನೂರಿನ ಪೌಷ್ಟಿಕಾಹಾರ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಮದುವೆಯಾಗಿ ಮುಂಬಯಿಗೆ ಬಂದು ವಿಜ್ಞಾನ ಸಂಸ್ಥೆ ಸೇರಿದರು. ತಡವಾಗಿಯಾದರೂ ಅದರ ನಿರ್ದೇಶಕಿಯಾದರು. ಈಚಲು ಜಾತಿಯ ಮರಗಳ ನೀರಾ ಬಡವರ ಪೌಷ್ಟಿಕತೆಗೆ ಒದಗುವ ಬಗೆಯನ್ನು ಶೋಧಿಸಿ ರಾಷ್ಟ್ರಪತಿ ಪ್ರಶಸ್ತಿ ಪಡೆದರು. ಆರೇ ಹಾಲಿನ ಯೋಜನೆಗೂ ಸಲಹೆ ನೀಡಿದರು. 1998ರಲ್ಲಿ ತೀರಿಕೊಂಡರು.

ತರಗತಿ, ವೈದ್ಯಕೀಯ ಕಾಲೇಜು, ಆಹಾರ, ಹೈನು: ಒಂದೇ ವಿದ್ಯೆಗೆ ಇಷ್ಟು ದಾರಿ. ಇಂದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲೇ ಈ ವಿಷಯದ ವಿಭಾಗವಿದೆ. ಮನೆಯ ಮಗಳು ಓದುತ್ತೇನೆಂದರೆ ಬೇಡವೆನ್ನುವ ಮುಂಚೆ ಕಮಲಾ ಅವರನ್ನು ನೆನೆಯೋಣ.