ಮರ ಒಣಗಿಸುತ್ತಿದ್ದ ಕ್ಯಾರಿಯರ್

ಥರ್ಮಲ್ ಲ್ಯಾಬಿನಲ್ಲಿ ಸೈಕ್ರೋಮೆಟ್ರಿಕ್ ಚಾರ್ಟ್ ನೋಡಿ ತಲೆ ತಿರುಗದವರು ಯಾರಿದ್ದಾರೆ? ಆ ಬಾಗಿದ ಗೆರೆಗಳ ಹಿಂದೆ ಇರೋದು ವಿಲ್ಲಿಸ್ ಕ್ಯಾರಿಯರ್. ನಮಗೆ ಈ ಹೆಸರು ಎಸಿ ಮೇಲಿನ ಬ್ರ್ಯಾಂಡ್ ಆಗಿ ಮಾತ್ರ ಗೊತ್ತು. ಆದ್ರೆ ಅವರ ತಲೆ ತಿಂದಿದ್ದು ಸೆಕೆಗಿಂತ ಹೆಚ್ಚಾಗಿ ಗಾಳಿಯ ತೇವ.

1876ರ ನವೆಂಬರ್ 26ರಂದು ನ್ಯೂಯಾರ್ಕ್ ರಾಜ್ಯದ ಅಂಗೋಲಾದಲ್ಲಿ, ರೈತರ ಮನೆಯಲ್ಲಿ ಹುಟ್ಟಿದರು. ಭಿನ್ನರಾಶಿ ತಲೆಗೆ ಹತ್ತದ ಹುಡುಗನಿಗೆ ಅಮ್ಮ ಸೇಬು ಕತ್ತರಿಸಿ ಅರ್ಧ, ಕಾಲು, ಅರೆಕಾಲು ಅಂತ ತೋರಿಸಿದರಂತೆ. ಅವನಿಗೆ ಹನ್ನೊಂದು ವರ್ಷ ಆಗಿದ್ದಾಗ ಆ ಅಮ್ಮ ತೀರಿಕೊಂಡರು. ಸ್ಕಾಲರ್‌ಶಿಪ್ ಹಿಡಿದು ಕಾರ್ನೆಲ್ ಸೇರಿ, ಖರ್ಚಿಗೆ ಸಣ್ಣಪುಟ್ಟ ಕೆಲಸ ಮಾಡ್ಕೊಂಡು, 1901ರಲ್ಲಿ ಇಂಜಿನಿಯರ್ ಆದರು.

ಕೆಲಸ ಸಿಕ್ಕಿದ್ದು ಬಫಲೋ ಫೋರ್ಜ್ ಕಂಪನಿಯಲ್ಲಿ, ವಾರಕ್ಕೆ 10 ಡಾಲರ್ ಸಂಬಳ. ಹಸಿ ಮರ ಮತ್ತು ಕಾಫಿ ಒಣಗಿಸೋ ಬಿಸಿಗಾಳಿ ವ್ಯವಸ್ಥೆ ಡಿಸೈನ್ ಮಾಡಬೇಕಿತ್ತು. ಕೇಳೋಕೆ ಬೋರಿಂಗ್ ಅನ್ಸುತ್ತೆ. ಆದ್ರೆ ಮರ ಸುಲಭದ ವಸ್ತು ಅಲ್ಲ. ಅದು ಪೂರ್ತಿ ಒಣಗಿ ಸುಮ್ಮನೆ ಕೂರೋದೇ ಇಲ್ಲ, ಸುತ್ತಲಿನ ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಡೆಸ್ತಾನೇ ಇರುತ್ತೆ. 20 ಡಿಗ್ರಿಯಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65 ಇದ್ದರೆ ಮರ ತನ್ನ ಒಣ ತೂಕದ ಸುಮಾರು ಶೇ. 12ರಷ್ಟು ನೀರು ಇಟ್ಟುಕೊಳ್ಳುತ್ತೆ. ಶೇ. 30ಕ್ಕೆ ಇಳಿದರೆ ಸುಮಾರು ಶೇ. 6. ಈ ಏರಿಳಿತಕ್ಕೆ ಮರ ಅಡ್ಡಕ್ಕೆ ಉಬ್ಬಿ ಕುಗ್ಗುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ. ಮಳೆಗಾಲದಲ್ಲಿ ಮಲೆನಾಡಿನ ಬಾಗಿಲುಗಳು ಬಿಗಿಯಾಗೋದು ಇದಕ್ಕೇ. ಚಳಿ ದೇಶಗಳ ದಿಮ್ಮಿ ಮನೆಗಳಲ್ಲಿ ಉಲ್ಟಾ: ಚಳಿಗಾಲದಲ್ಲಿ ಹೀಟರ್ ಹಾಕಿದ್ರೆ ಒಳಗಿನ ಗಾಳಿ ಒಣಗಿ ಗೋಡೆಯ ದಿಮ್ಮಿಗಳೇ ಬಿರುಕು ಬಿಡ್ತವೆ.

1902ರಲ್ಲಿ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಿಂದ ಸಮಸ್ಯೆ ಬಂತು. ಕಾಗದ ಅಂದ್ರೂ ಮರದ ನಾರೇ ತಾನೇ! ಒಂದು ಬಣ್ಣ ಮುದ್ರಿಸಿ ಇನ್ನೊಂದಕ್ಕೆ ಹೋಗೋ ಹೊತ್ತಿಗೆ ಹಾಳೆ ಹಿಗ್ಗಿ ಅಥವಾ ಕುಗ್ಗಿ, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರ್ತಿರಲಿಲ್ಲ. ವರ್ಷವಿಡೀ ಶೇ. 55 ಆರ್ದ್ರತೆ ಬೇಕಿತ್ತು. ಕಾಲೇಜು ಬಿಟ್ಟು ಒಂದೇ ವರ್ಷ, ವಯಸ್ಸು 25. ತಣ್ಣೀರಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿ ತೇವ ಇಳಿಸೋ ನಕ್ಷೆಯನ್ನು ಜುಲೈ 17ಕ್ಕೆ ಮುಗಿಸಿದರು.

ನನಗೆ ಇದಕ್ಕಿಂತ ಇಷ್ಟವಾಗೋದು ಆಮೇಲಿನ ಘಟನೆ. ಪಿಟ್ಸ್‌ಬರ್ಗ್ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ದಟ್ಟ ಮಂಜು. ನಾವಾದ್ರೆ ರೈಲು ಲೇಟು ಅಂತ ಬೈಕೊಳ್ತಿದ್ವಿ. ಅವರಿಗೆ ಹೊಳೆದದ್ದೇ ಬೇರೆ: ಮಂಜಿನಲ್ಲಿ ಗಾಳಿ ಪೂರ್ತಿ ತುಂಬಿದೆ, ಆದರೂ ತಣ್ಣಗಿರೋದರಿಂದ ಅದರಲ್ಲಿರೋ ಆವಿ ಕಮ್ಮಿ. ಅಂದ್ರೆ ಬೇಕಾದ ಉಷ್ಣತೆಯ ತಣ್ಣೀರನ್ನು ಸಿಂಪಡಿಸಿ ಬೇಕೆಂದೇ ಮಂಜು ಮಾಡಿ, ಆಮೇಲೆ ಆ ಗಾಳಿಯನ್ನು ಸ್ವಲ್ಪ ಬಿಸಿ ಮಾಡಿದರೆ ಆರ್ದ್ರತೆ ನಮ್ಮ ಕೈಯಲ್ಲಿ. ನೀರು ಚಿಮುಕಿಸಿ ಗಾಳಿ ಒಣಗಿಸೋದು! ಇದಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘದ ಮುಂದೆ ತಮ್ಮ ಸೂತ್ರಗಳನ್ನು ಮಂಡಿಸಿದರು.

ಇಷ್ಟಾದ್ರೂ ಮೊದಲ ಮಹಾಯುದ್ಧ ಶುರುವಾದಾಗ ಕಂಪನಿ ಈ ಕೆಲಸದಿಂದ ಹಿಂದೆ ಸರಿಯಿತು. ಕ್ಯಾರಿಯರ್ ಮತ್ತು ಆರು ಜನ ಇಂಜಿನಿಯರ್ ಗೆಳೆಯರು ಉಳಿತಾಯವನ್ನೆಲ್ಲ ಒಟ್ಟು ಹಾಕಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಮುಳುಗಿದ್ರೆ ಏಳೂ ಮನೆ ಮುಳುಗ್ತಿತ್ತು. 1925ರಲ್ಲಿ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರ ತಂಪಾದ ಮೇಲೆ ಜನಸಾಮಾನ್ಯರಿಗೂ ಎಸಿ ರುಚಿ ಹತ್ತಿತು. 1950ರ ಅಕ್ಟೋಬರ್ 7ರಂದು ಅವರು ತೀರಿಕೊಂಡರು.

ಈಗ ಕಾಂಕ್ರೀಟ್ ಬದಲು ದಪ್ಪ ಮರದ ಹಲಗೆಗಳಿಂದಲೇ ಮಹಡಿ ಕಟ್ಟಡ ಕಟ್ತಿದ್ದಾರೆ. ಅದಕ್ಕೆ ಮರ ಒಣಗಿಸೋ ಗೂಡುಗಳಲ್ಲಿ ಡ್ರೈ ಬಲ್ಬ್, ವೆಟ್ ಬಲ್ಬ್ ಎರಡನ್ನೂ ನೋಡಿಯೇ ಬಿಸಿ ಏರಿಸೋದು. ಅವಸರ ಮಾಡಿದ್ರೆ ಹಲಗೆ ಸೀಳುತ್ತೆ.