ಕಾರ್ನಾಡು ಸದಾಶಿವರಾಯರು

ಅನ್ಯಾಯವಾದ ಕಾಯಿದೆಗೂ ನಾವು ತಲೆಬಾಗತಕ್ಕದ್ದೋ ಎಂದು ನೀತಿಪಾಠದ ವೇಳೆಯಲ್ಲಿ ಪ್ರತಿವರ್ಷವೂ ಒಬ್ಬಳಾದರೂ ವಿದ್ಯಾರ್ಥಿನಿಯು ಕೇಳುವುದುಂಟು. ಆಗ ನಾನು ನಮ್ಮ ಕರಾವಳಿಯವರೇ ಆದ ಈ ಮಹನೀಯರ ಚರಿತ್ರೆಯನ್ನು ಹೇಳುವುದು ವಾಡಿಕೆ.

ಸದಾಶಿವರಾಯರು 1881ನೆಯ ಇಸವಿಯಲ್ಲಿ ಮಂಗಳೂರಿನ ಅನುಕೂಲಸ್ಥ ಮನೆತನವೊಂದರಲ್ಲಿ ಜನಿಸಿದರು. ಮದ್ರಾಸು, ಮುಂಬಯಿಗಳಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ತಂದೆಯವರಂತೆಯೇ ವಕೀಲರಾಗಿ ಹೆಸರನ್ನು ಪಡೆದರು. ಪತ್ನಿಯಾದ ಶಾಂತಾಬಾಯಿಯವರೊಡನೆ ಮಹಿಳಾ ಸಭೆಯನ್ನು ಸ್ಥಾಪಿಸಿ, ವಿಧವೆಯರಿಗೂ ದಿಕ್ಕಿಲ್ಲದ ಸ್ತ್ರೀಯರಿಗೂ ನೆರವಾದರು. ಹೆಣ್ಣುಮಕ್ಕಳ ತಾಯಿತಂದೆಗಳು ಇದನ್ನು ಮರೆಯಲಾಗದು.

1919ರಲ್ಲಿ, ವಿಚಾರಣೆಯಿಲ್ಲದೆ ಜನರನ್ನು ಬಂಧಿಸಿಡಲು ಸರಕಾರಕ್ಕೆ ಅಧಿಕಾರವನ್ನಿತ್ತ ರೌಲಟ್ ಕಾಯಿದೆಯು ಹೊರಟಿತು. ಕಾಯಿದೆಯ ಅನ್ನವನ್ನೇ ಉಣ್ಣುತ್ತಿದ್ದ ಈ ವಕೀಲರು ಗಾಂಧಿಯವರ ಸತ್ಯಾಗ್ರಹ ಪ್ರತಿಜ್ಞೆಗೆ ಕರ್ನಾಟಕದ ಮೊದಲಿಗರ ಸಾಲಿನಲ್ಲಿ ರುಜು ಹಾಕಿದರು. ತರುವಾಯ ವಕೀಲಿಯನ್ನೂ ತೊರೆದರು.

1930ರಲ್ಲಿ ಉಪ್ಪಿನ ಸತ್ಯಾಗ್ರಹವು ಬಂದಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಪ್ಪುನೀರು ಅಂಗಳದಂಚಿಗೆ ಬರುವ ಈ ಸೀಮೆಯಲ್ಲಿಯೂ, ಆಗಿನ ಕಾಯಿದೆಯಂತೆ, ಅಪ್ಪಣೆಯಿಲ್ಲದೆ ಉಪ್ಪನ್ನು ತಯಾರಿಸುವುದು ಅಪರಾಧವಾಗಿದ್ದಿತು. ಗಂಜಿಗೆ ಬೆರಸುವ ಚಿಟಿಕೆಯುಪ್ಪಿಗೆ ಕೂಲಿಯ ಹೆಂಗಸೂ ಸಾಹುಕಾರನಷ್ಟೇ ತೆರಿಗೆಯನ್ನು ತೆರಬೇಕಾಗಿದ್ದಿತು. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಆ ಕಾಯಿದೆಯನ್ನು ಮುರಿದರು. ಆ ಚಳವಳಿಯ ಮುಂದಾಳುಗಳಲ್ಲೊಬ್ಬರಾಗಿದ್ದ ರಾಯರು ಸೆರೆಮನೆಯನ್ನು ಸೇರಿದರು.

ಇಲ್ಲಿ ನನ್ನ ಹುಡುಗಿಯರು ಕೂಡಲೇ ಹರ್ಷಪಡುತ್ತಾರೆ: ಹಾಗಾದರೆ ಹಿಡಿಸದ ನಿಯಮವನ್ನು ಮುರಿಯಬಹುದಲ್ಲ! ನಾನು ಅಷ್ಟು ಸುಲಭವಾಗಿ ಬಿಡುವವಳಲ್ಲ. ಸತ್ಯಾಗ್ರಹಿಯು ಕದ್ದು ಮುರಿಯಲಿಲ್ಲ, ಮುರಿದು ಓಡಲಿಲ್ಲ. ಹಗಲಿನಲ್ಲಿ ಮುರಿದು, ಅದೇ ಕಾಯಿದೆಯ ಶಿಕ್ಷೆಗೆ ಕೈಯೊಡ್ಡಿದನು. ಪೂರ್ವದಲ್ಲಿ ಅಥೇನ್ಸಿನ ಸಾಕ್ರೆಟೀಸನು ಸೆರೆಯಿಂದ ತಪ್ಪಿಸಿಕೊಳ್ಳಲೊಪ್ಪದೆ ವಿಷವನ್ನು ಕುಡಿದನು. ಆತನಂತೆ ಅನ್ಯಾಯದ ತೀರ್ಪಿಗೂ ಒಳಪಡಬೇಕೋ, ರಾಯರಂತೆ ಮೊದಲೇ ಎದುರಿಸಬೇಕೋ ಎಂಬ ವಿಷಯದಲ್ಲಿ ನನ್ನ ಮನಸ್ಸು ಇಂದಿಗೂ ಪೂರ್ಣವಾಗಿ ನಿಂತಿಲ್ಲ. ದಂಡವನ್ನು ತಪ್ಪಿಸಿಕೊಳ್ಳಲು ಮಾತ್ರ ಇಬ್ಬರೂ ಒಪ್ಪಲಿಲ್ಲ.

ರಾಯರು ತೆತ್ತ ದಂಡವು ಸೆರೆವಾಸದಿಂದ ತೀರಲಿಲ್ಲ. ಪಿತ್ರಾರ್ಜಿತವೆಲ್ಲವೂ ದೇಶಕಾರ್ಯದಲ್ಲಿ ಕರಗಿತು. 1936ರ ಡಿಸೆಂಬರಿನಲ್ಲಿ ಫೈಜಪುರದ ಕಾಂಗ್ರೆಸ್ ಅಧಿವೇಶನಕ್ಕೆ ಹೋದವರು ಅಸ್ವಸ್ಥರಾಗಿ, 1937ನೆಯ ಜನವರಿ 9ರಂದು ಮುಂಬಯಿಯಲ್ಲಿ ಬಡತನದಲ್ಲಿಯೇ ತೀರಿಕೊಂಡರು.

ಬೆಂಗಳೂರಿನ ಸದಾಶಿವನಗರಕ್ಕೆ ಅವರದೇ ಹೆಸರು. ಮಂಗಳೂರಿನ ಹಂಪನಕಟ್ಟೆಯ ಬಳಿ ಕೆ. ಎಸ್. ರಾವ್ ರಸ್ತೆಯಲ್ಲಿ ಬಟ್ಟೆಬರೆ ಕೊಳ್ಳಲು ಹೋಗುವ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಆ ಎರಡು ಅಕ್ಷರಗಳನ್ನು ಬಿಡಿಸಿ ಓದಿರುವರೋ!